ಮಗನಿಗೆ ಜೆಐಎ ಇದೆ, ಎಚ್‌ಡಿಎಲ್ ಬರೀ 29. ಇದು ವಂಶದಿಂದ ಬಂದಿದ್ದಾ?

ಏಳು ವರ್ಷದ ಮಗನಿಗೆ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 29, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಜಾಸ್ತಿ, ಅವನ ತಾತನಿಗೆ ಸಣ್ಣ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿತ್ತು, ಜೀನ್ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನನ್ನ ಮಗಳಿಗೆ ಐದನೇ ವಯಸ್ಸಿನಿಂದ ಜೆಐಎ, ಅಂದರೆ ಮಕ್ಕಳ ಸಂಧಿವಾತ ಇದೆ. ಅವಳ ಫೈಲು ಈಗ ದಿಂಬಿನಷ್ಟು ದಪ್ಪ.

ಮೊದಲು ಲಿಪಿಡ್, ಅಂದರೆ ರಕ್ತದ ಕೊಬ್ಬಿನ ರಿಪೋರ್ಟಿನ ತಾರೀಖು ನೋಡಿ. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ, ಇಎಸ್‌ಆರ್ ಟೆಸ್ಟುಗಳ ಅದೇ ವಾರದ ರಿಪೋರ್ಟು ಪಕ್ಕದಲ್ಲಿಟ್ಟುಕೊಂಡು ಓದಿ. ಕೀಲು ಊದಿಕೊಂಡಿರುವಾಗ ತೆಗೆದ ರಕ್ತದಲ್ಲಿ ವಂಶದ ಕಥೆಗಿಂತ ಉರಿಯೂತದ ಕಥೆಯೇ ಜಾಸ್ತಿ ಇರುತ್ತದೆ. ಉರಿಯೂತ ಇದ್ದಾಗ ಲಿವರ್ ಬೇರೆ ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಒಂದು ಎಚ್‌ಡಿಎಲ್ ಕಣಕ್ಕೇ ಹೋಗಿ ಅಂಟಿಕೊಳ್ಳುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ಕೊಬ್ಬು ಕರಗಿಸುವ ಕಿಣ್ವವೂ ಮಂದವಾಗಿ ಟ್ರೈಗ್ಲಿಸರೈಡ್ ಏರುತ್ತದೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಮಾತ್ರ ಎಷ್ಟೋ ಸಲ ಕಡಿಮೆಯೇ ಕಾಣಿಸುತ್ತದೆ. ಅದನ್ನು ನೋಡಿ ಖುಷಿಪಡಬೇಡಿ.

ನಾವು ಖುಷಿಪಟ್ಟಿದ್ದೆವು! ಎರಡೂ ಮಂಡಿ ಊದಿದ್ದಾಗ ಮಗಳ ಎಲ್‌ಡಿಎಲ್ 74. ಆಮೇಲೆ ಉರಿಯೂತ ಇಳಿಸುವ ಟೋಸಿಲಿಜುಮ್ಯಾಬ್ ಔಷಧಿ ಶುರುವಾಯಿತು, ಊತ ಇಳಿಯಿತು, ಹುಡುಗಿ ಮೆಟ್ಟಿಲು ಹತ್ತಿ ಓಡತೊಡಗಿದಳು. ಎಲ್‌ಡಿಎಲ್ 118! ನಾನು ಗಾಬರಿಯಾಗಿ ತುಪ್ಪ ಬಂದ್ ಮಾಡಿದೆ. ಅತ್ತೆ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಡಾಕ್ಟರು, "ಒಳಗಿನ ಬೆಂಕಿ ಆರಿದೆ, ಅದಕ್ಕೇ ಏರಿದೆ. ಸ್ವಲ್ಪ ಔಷಧಿಯದ್ದೂ ಇದೆ" ಅಂದರು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದೂ ಲೆಕ್ಕ ಕೆಡಿಸುತ್ತದೆ.

ಇನ್ನು ಜೀನ್ ವಿಷಯ. ಎಪಿಒಇ ಅಂತ ಒಂದು ಜೀನ್ ಇದೆ, 19ನೇ ಕ್ರೋಮೋಸೋಮ್‌ನಲ್ಲಿ. ಅದರಲ್ಲಿ ಇ2, ಇ3, ಇ4 ಅಂತ ಮೂರು ಬಗೆ. ಇ4 ಇದ್ದವರಿಗೆ ಎಲ್‌ಡಿಎಲ್ ಸರಾಸರಿ ಸ್ವಲ್ಪ ಜಾಸ್ತಿ, ಇ2 ಇದ್ದವರಿಗೆ ಕಡಿಮೆ. ಇಂಥ ಸಣ್ಣಪುಟ್ಟ ವ್ಯತ್ಯಾಸ ತಿಳಿದುಕೊಂಡರೂ ನಿಮ್ಮ ಮಗನ ಚಿಕಿತ್ಸೆಯೇನೂ ಬದಲಾಗುವುದಿಲ್ಲ, ಸುಮ್ನೆ ದುಡ್ಡು ದಂಡ. ಟೆಸ್ಟಿಗೆ ಅರ್ಥ ಬರುವುದು ಇನ್ನೊಂದು ಕಡೆ. ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುವ ಒಂದು ವಂಶದ ತೊಂದರೆ ಇದೆ, ಸುಮಾರು 300 ಜನರಲ್ಲಿ ಒಬ್ಬರಿಗೆ. ರಕ್ತದಿಂದ ಎಲ್‌ಡಿಎಲ್ ಹಿಡಿದುಕೊಳ್ಳುವ ಕೊಕ್ಕೆ ಅವರ ಲಿವರ್‌ನಲ್ಲಿ ಕಡಿಮೆ. ಎಲ್‌ಡಿಎಲ್ ಮತ್ತೆ ಮತ್ತೆ 190 ದಾಟಿದರೆ, ಅಥವಾ ಮನೆಯಲ್ಲಿ ಬೇಗ ಹೃದಯದ ಕಾಯಿಲೆ ಬಂದವರಿದ್ದು 160 ದಾಟಿದರೆ ಡಾಕ್ಟರು ಅದನ್ನು ಅನುಮಾನಿಸುತ್ತಾರೆ. ತಾತನ ವಿಷಯ ಇರುವುದರಿಂದ ಕಾಯಿಲೆ ತಣ್ಣಗಾದ ಮೇಲೆ ಮಗನಿಗೆ ಮತ್ತೊಮ್ಮೆ ಲಿಪಿಡ್ ನೋಡಿಸಿ. ಅಷ್ಟರೊಳಗೆ ನೀವಿಬ್ಬರೂ ನಿಮ್ಮದನ್ನು ಪರೀಕ್ಷಿಸಿಕೊಳ್ಳಿ. ಈ ತೊಂದರೆ ಸಾಮಾನ್ಯವಾಗಿ ತಂದೆ ಅಥವಾ ತಾಯಿಯಿಂದಲೇ ಬರುತ್ತದೆ, ಜೀನ್ ಟೆಸ್ಟಿಗಿಂತ ಇದು ತುಂಬಾ ಅಗ್ಗ, ಅಲ್ವಾ?

ಲ್ಯಾಬಿನ ಹಾಳೆಯಲ್ಲಿ ದೊಡ್ಡವರ ಮಿತಿ ಅಚ್ಚಾಗಿರಬಹುದು, ನಮ್ಮದರಲ್ಲಿ ಹಾಗೇ ಇತ್ತು. ಮಕ್ಕಳಿಗೆ ಒಟ್ಟು ಕೊಲೆಸ್ಟ್ರಾಲ್ 170ರ ಒಳಗೆ, ಎಲ್‌ಡಿಎಲ್ 110ರ ಒಳಗೆ ಇರಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ದಿನಾ ಜ್ವರ ಬರುವ ಬಗೆಯ ಜೆಐಎ ಆಗಿದ್ದು, ಜ್ವರ ಬಿಡದೆ, ಟ್ರೈಗ್ಲಿಸರೈಡ್ ಮತ್ತು ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) ಏರಿ ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮಗನ ಎಲ್‌ಡಿಎಲ್ ಎಷ್ಟಿತ್ತು ಅಂತ ನೀವು ಬರೆದಿಲ್ಲ.