ಬಾಟಲ್ ಪಾಮ್ ಕೇಳಿದರೆ ಬಂದದ್ದು ಫಾಕ್ಸ್‌ಟೇಲ್

ಓದುಗರ ಪತ್ರ: "ಒಂದೂವರೆ ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಎರಡು ಬಾಟಲ್ ಪಾಮ್, ಒಂದು ಕೆಂಪು ಲಿಪ್‌ಸ್ಟಿಕ್ ಪಾಮ್ ತರಿಸಿದೆ. 'ಅಪರೂಪದ ತಳಿ' ಅಂತ ಬರೆದಿತ್ತು, ಬೆಲೆಯೂ ಹಾಗೇ ಇತ್ತು. ಗೇಣುದ್ದ ಸಸಿ ಬಂದವು. ಈಗ ಸೊಂಟದೆತ್ತರ ಆಗಿವೆ. ಬಾಟಲಿಯೂ ಇಲ್ಲ, ಕೆಂಪೂ ಇಲ್ಲ. ಮಾರಿದವರನ್ನು ಕೇಳಿದರೆ 'ಬೆಳೆದ ಮೇಲೆ ಬರುತ್ತೆ ಮೇಡಂ' ಅಂತಾರೆ. ಫೋಟೊ ಕಳಿಸಿದ್ದೇನೆ. ನಾನು ಮೋಸ ಹೋದೆನಾ? ಇವನ್ನು ಕಿತ್ತು ಹಾಕಲಾ? ಇನ್ನು ಮುಂದೆ ತರಿಸುವಾಗ ಏನೇನು ನೋಡಬೇಕು? ಬೀಜ ತರಿಸಿದರೆ ಒಳ್ಳೇದಾ?" — ನಿವೃತ್ತ ಶಿಕ್ಷಕಿ, ವಿಜಯಪುರ

ಸಂಪಾದಕರ ಉತ್ತರ:

ಅಕ್ಕಾವರೇ, ನಮಸ್ಕಾರ. ನಿಮ್ಮ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆವು. ಆ ಎರಡು ಗಿಡ ಬಾಟಲ್ ಪಾಮ್ ಅಲ್ಲ, ಫಾಕ್ಸ್‌ಟೇಲ್ ಪಾಮ್. ಗರಿಯ ಒಂದೊಂದು ಎಸಳಿನ ತುದಿ ನೋಡಿ. ಚೂಪಾಗಿಲ್ಲ, ಇಲಿ ಕಡಿದ ಹಾಗೆ ಹರಿದುಹರಿದು ಇದೆ ಅಲ್ವಾ? ಯಾವುದೋ ಹುಳ ತಿಂದಿದೆ ಅಂತ ನೀವು ಔಷಧಿ ಹೊಡೆದಿರಬಹುದು. ಹುಳ ಏನಿಲ್ಲ, ಅದು ಹುಟ್ಟಿದ್ದೇ ಹಾಗೆ. ಬಾಟಲ್ ಪಾಮಿನ ಎಸಳು ತುದಿಗೆ ಬಂದಂತೆ ಸಣ್ಣಗೆ, ಚೂಪಾಗುತ್ತೆ.

ಫಾಕ್ಸ್‌ಟೇಲ್ ಒಂದು ಕಾಲಕ್ಕೆ ನಿಜವಾಗಿಯೂ ಅಪರೂಪದ್ದೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕೇಪ್ ಮೆಲ್ವಿಲ್ ಅನ್ನೋ ಕಲ್ಲುಗುಡ್ಡದ ಸೀಮೆ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಇಲ್ಲ. 1983ರಲ್ಲಿ ಅದಕ್ಕೆ ಸಸ್ಯಶಾಸ್ತ್ರದ ಹೆಸರು ಬಿತ್ತು, ವೊಡಿಯೇಶಿಯಾ ಬೈಫರ್ಕೇಟ. 1990ರ ದಶಕದಲ್ಲಿ ಅಲ್ಲಿನ ಕಾಡಿನಿಂದ ಬೀಜ ಕದ್ದು ಸಾಗಿಸುವ ದಂಧೆಯೇ ನಡೆಯಿತು. ಆ ಬೀಜದ ಮಕ್ಕಳು ಮೊಮ್ಮಕ್ಕಳು ಈಗ ನಮ್ಮಲ್ಲಿ ಹೊಸ ಲೇಔಟು, ಹೋಟೆಲು, ಕಲ್ಯಾಣ ಮಂಟಪಗಳ ಮುಂದೆ ಸಾಲಾಗಿ ನಿಂತಿವೆ. ಅಂದರೆ ನೀವು ಅಪರೂಪದ ಬೆಲೆ ಕೊಟ್ಟು, ಊರ ನರ್ಸರಿಯಲ್ಲೇ ಸಿಗುವ ಗಿಡ ಕೊಂಡಿದ್ದೀರಿ.

ಮೂರನೆಯದು ಅರೆಕಾ ಪಾಮ್. ಗರಿಯ ದಂಟು ಹಳದಿಗೆ ತಿರುಗಿದೆ, ಅದರ ಬುಡದಲ್ಲಿ ಎಳ್ಳು ಚೆಲ್ಲಿದಂಥ ಕಪ್ಪು ಚುಕ್ಕಿಗಳಿವೆ. ಎಲ್ಲರ ಮನೆ ಪಡಸಾಲೆಯಲ್ಲಿ ಇರುವ ಗಿಡವೇ ಅದು. ಮೂಲ ಮಡಗಾಸ್ಕರ್. ಹೆಸರು ಅರೆಕಾ ಅಂತ ಇದ್ದರೂ ನಮ್ಮ ಅಡಿಕೆ ಬೇರೆ, ಇದು ಬೇರೆ. ಇಲ್ಲಿ ಮಾರಿದವರ ಜಾಣತನ ನೋಡಿ. 'ಬೆಳೆದ ಮೇಲೆ ಕೆಂಪು ಬರುತ್ತೆ' ಅನ್ನೋದು ಪೂರ್ತಿ ಸುಳ್ಳಲ್ಲ. ನಿಜವಾದ ಲಿಪ್‌ಸ್ಟಿಕ್ ಪಾಮಿನ ದಂಟಿಗೂ ಚಿಕ್ಕದಿದ್ದಾಗ ಅಂಥ ಕೆಂಪು ಇರಲ್ಲ. ಅದಕ್ಕೇ ಈ ಮಾತು ವರ್ಷಗಟ್ಟಲೆ ನಡೆಯುತ್ತೆ.

ಆದರೂ ಒಂದು ಲೆಕ್ಕದಲ್ಲಿ ನೀವು ಬಚಾವಾದಿರಿ. ಲಿಪ್‌ಸ್ಟಿಕ್ ಪಾಮ್ ಮಲೇಷ್ಯಾ, ಸುಮಾತ್ರಾ, ಬೋರ್ನಿಯೊದ ಜೌಗು ಕಾಡಿನ ಗಿಡ. ವರ್ಷವಿಡೀ ಬುಡ ಒದ್ದೆ ಇರಬೇಕು, ಗಾಳಿಯಲ್ಲಿ ತೇವ ಬೇಕು, ಚಳಿ ತಾಗಬಾರದು. ವಿಜಯಪುರದಲ್ಲಿ ನಲವತ್ತು ದಾಟುವ ಬೇಸಿಗೆ, ಒಣಗಾಳಿ, ಆಮೇಲೆ ಡಿಸೆಂಬರ್ ರಾತ್ರಿಯ ಥಂಡಿ. ಅಸಲಿ ಗಿಡವೇ ಬಂದಿದ್ದರೆ ನಿಮ್ಮ ಪತ್ರ 'ಗಿಡ ಯಾಕೆ ಸತ್ತಿತು' ಅಂತ ಇರುತ್ತಿತ್ತು.

ಈಗ ಮೋಸದ ಪ್ರಶ್ನೆ. ಎಲ್ಲಾ ಸಲವೂ ಬೇಕಂತಲೇ ಮಾಡಿರುತ್ತಾರೆ ಅಂತ ನಾವು ಹೇಳಲ್ಲ. ಪ್ರಪಂಚದಲ್ಲಿ ಸುಮಾರು 2,600 ಜಾತಿಯ ಪಾಮ್‌ಗಳಿವೆ. ಮೊಳಕೆಯಲ್ಲಿ ಬಹುಪಾಲು ಒಂದೋ ಹುಲ್ಲಿನ ಪಟ್ಟಿಯಂಥ ಎಲೆ ಬಿಡುತ್ತವೆ, ಇಲ್ಲವೇ ನಡುವೆ ಸೀಳಿದ ಎಲೆ. ಗೇಣುದ್ದ ಸಸಿ ನೋಡಿ ಹೆಸರು ಹೇಳೋದು ಪಳಗಿದವರಿಗೂ ಕಷ್ಟ. ಆನ್‌ಲೈನ್‌ನವರಲ್ಲಿ ಅನೇಕರು ಸ್ವತಃ ಬೆಳೆಸುವವರೇ ಅಲ್ಲ. ಆಂಧ್ರದ ನರ್ಸರಿಗಳ ಊರು ಕಡಿಯಂ ಕಡೆಯಿಂದ ಬಂದ ಲಾಟಿನಲ್ಲಿ ಏನು ಚೀಟಿ ಇತ್ತೋ ಅದನ್ನೇ ಟೈಪ್ ಮಾಡಿರುತ್ತಾರೆ. ಟ್ರೇ ಅದಲುಬದಲಾದರೆ ಗಿಡವೂ ಅದಲುಬದಲು. ಇನ್ನು ಕೆಲವು ಜಾತಿ ಅಕ್ಕಪಕ್ಕ ಇದ್ದರೆ ಮಿಶ್ರವಾಗುತ್ತವೆ. ಈಚಲು, ಖರ್ಜೂರದ ಬಳಗ ಇದರಲ್ಲಿ ಮುಂದು. ಆದರೆ ಹೆಸರು ತಮಗೇ ಗೊತ್ತಿಲ್ಲದ ಸಸಿಗೆ 'ಅಪರೂಪ' ಅಂತ ಹಾಕಿ ಮೂರು ಪಟ್ಟು ಕೀಳೋದು ಗೊತ್ತಿದ್ದೇ ಮಾಡುವ ಕೆಲಸ. ಅಲ್ಲಿ ನಮಗೆ ಮುಲಾಜಿಲ್ಲ.

ಹಾಗಾಗಿ ನಮ್ಮ ಸಲಹೆ ಇಷ್ಟೇ. ಹೆಸರಿಗೆ ದುಡ್ಡು ಕೊಡಬೇಡಿ, ಕಣ್ಣಿಗೆ ಕಾಣುವ ಲಕ್ಷಣಕ್ಕೆ ಕೊಡಿ. ಗಿಡ ತನ್ನ ಗುರುತು ತೋರಿಸುವಷ್ಟು ಬೆಳೆದ ಮೇಲೇ ಕೊಳ್ಳಿ. ಬೆಲೆ ಜಾಸ್ತಿಯಾದರೂ ಸರಿ, ಚಿಕ್ಕ ಮೂರರ ಬದಲು ದೊಡ್ಡದೊಂದು ಸಾಕು. ದುಡ್ಡು ಹಾಕುವ ಮುಂಚೆ 'ನನಗೆ ಕಳಿಸುವ ಇದೇ ಗಿಡದ ಫೋಟೊ, ಇವತ್ತಿನ ಪೇಪರ್ ಪಕ್ಕದಲ್ಲಿಟ್ಟು ಕಳಿಸಿ' ಅನ್ನಿ. ಬುಡ, ದಂಟು, ಎಸಳಿನ ತುದಿ ಮೂರೂ ಹತ್ತಿರದಿಂದ ಬೇಕು. ಸಸ್ಯಶಾಸ್ತ್ರದ ಹೆಸರನ್ನು ಬಿಲ್ಲಿನಲ್ಲೇ ಬರೆಸಿ. ಬೀಜ ಎಲ್ಲಿಯದು ಅಂತ ಕೇಳಿ. ಬೆಳೆಸಿದವರು ಈ ಪ್ರಶ್ನೆಗೆ ಖುಷಿಯಿಂದ ಉದ್ದುದ್ದ ಉತ್ತರ ಕೊಡುತ್ತಾರೆ, ಬರೀ ಮಾರುವವರು ಡಿಸ್ಕೌಂಟ್ ಮಾತು ತೆಗೆಯುತ್ತಾರೆ.

ಬಾಟಲ್ ಪಾಮ್ ಬೇಕೇ ಬೇಕು ಅಂದರೆ ಇನ್ನೊಂದು ಗೊಂದಲ ಇದೆ, ಅದರ ತಂಗಿ ಸ್ಪಿಂಡಲ್ ಪಾಮ್. ಬಾಟಲ್ ಪಾಮ್ ಮಾರಿಷಸ್ ಪಕ್ಕದ ರೌಂಡ್ ಐಲ್ಯಾಂಡಿನದು, ಸ್ಪಿಂಡಲ್ ರಾಡ್ರಿಗ್ಸ್ ದ್ವೀಪದ್ದು. ಬಾಟಲ್‌ಗೆ ಬುಡದಲ್ಲೇ ಹೊಟ್ಟೆ, ಮೇಲೆ ಹೋದಂತೆ ಸಣ್ಣ. ಸ್ಪಿಂಡಲ್‌ಗೆ ಉಬ್ಬು ನಡುವಿನಲ್ಲಿ. ಚಿಕ್ಕ ಗಿಡದಲ್ಲಿ ಬಾಟಲ್‌ನ ದಂಟಿಗೆ ಸಾಮಾನ್ಯವಾಗಿ ಕೆಂಪು-ಕಿತ್ತಳೆ ಛಾಯೆ, ಸ್ಪಿಂಡಲ್‌ಗೆ ಹಳದಿ. ಎರಡೂ ಚೆಂದವೇ, ಆದರೆ ಕೇಳಿದ್ದೇ ಬರಬೇಕಲ್ಲ.

ಬೀಜದ ಸುದ್ದಿಗೆ ಹೋಗದಿದ್ದರೆ ಒಳ್ಳೆಯದು. ಪಾಮ್ ಬೀಜಗಳಲ್ಲಿ ಬಹಳಷ್ಟು ಒಣಗಿದರೆ ಸತ್ತವೇ. ಪಾಕೀಟಿನಲ್ಲಿ ಎಷ್ಟು ದಿನ ಕೂತಿದ್ದವೋ ಯಾರಿಗೆ ಗೊತ್ತು. ನೀಲಿ, ಗುಲಾಬಿ ಗರಿಯ ಪಾಮ್ ಫೋಟೊ ಹಾಕಿದ್ದರೆ ಅದು ಕಂಪ್ಯೂಟರಿನಲ್ಲಿ ಬೆಳೆದ ಗಿಡ. 'ಕೊಕೊ ಡಿ ಮೇರ್' ಬೀಜ ಲಕೋಟೆಯಲ್ಲಿ ಬರುತ್ತೆ ಅಂದರೆ ನಕ್ಕುಬಿಡಿ. ಅದು ಸೀಶೆಲ್ಸ್ ದ್ವೀಪಗಳ ಪಾಮ್, ಅದರದು ಪ್ರಪಂಚದಲ್ಲೇ ಅತಿ ದೊಡ್ಡ ಬೀಜ, ಇಪ್ಪತ್ತು ಕಿಲೊ ದಾಟುವುದೂ ಉಂಟು. ವಿದೇಶದಿಂದ ನೇರ ತರಿಸೋದಂತೂ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. 2020ರಲ್ಲಿ ಯಾರೂ ಕೇಳದ ಬೀಜದ ಪಾರ್ಸೆಲ್‌ಗಳು ಹಲವು ದೇಶಗಳಲ್ಲಿ ಜನರ ಮನೆ ಬಾಗಿಲಿಗೆ ಬಂದಾಗ ನಮ್ಮ ಕೃಷಿ ಸಚಿವಾಲಯವೂ ಎಚ್ಚರಿಕೆ ಕೊಟ್ಟಿತ್ತು. ರೋಗ, ಕೀಟ, ಕಳೆ ಎಲ್ಲಾ ಹೀಗೇ ಒಳಗೆ ಬರುತ್ತವೆ.

ನಿಮ್ಮ ಊರಿಗೆ ಅಪರೂಪದ್ದೂ ಆಗಬೇಕು, ಬದುಕಲೂ ಬೇಕು ಅಂದರೆ ಬಿಸ್ಮಾರ್ಕಿಯಾ ಪಾಮ್ ನೋಡಿ. ಬೆಳ್ಳಿ ಬಣ್ಣದ ಬೀಸಣಿಗೆ ಎಲೆ. ಮಡಗಾಸ್ಕರಿನ ಒಣ ಬಯಲಿನದು, ಬಿಸಿಲು ಅಂದರೆ ಪ್ರೀತಿ. ಎರಿ ಮಣ್ಣಿನಲ್ಲಿ ನೀರು ನಿಲ್ಲದ ಹಾಗೆ ಗರಸು ಹಾಕಿ ಏರಿಸಿ ನೆಡಿ. ಆದರೆ ಇದರ ಬೇರು ಕೆದಕಿದರೆ ಕೋಪ ಜಾಸ್ತಿ. ಕೊರಿಯರ್ ತೂಕ ಉಳಿಸಲು ಮಣ್ಣು ಉದುರಿಸಿ, ಬೇರಿಗೆ ಹಸಿ ಪೇಪರ್ ಸುತ್ತಿ ಕಳಿಸುತ್ತಾರಲ್ಲ, ಹಾಗೆ ಬಂದ ಬಿಸ್ಮಾರ್ಕಿಯಾ ಉಳಿಯೋದು ಕಷ್ಟ. ಚೀಲದ ಮಣ್ಣಿನ ಸಮೇತವೇ ಬೇಕು ಅನ್ನಿ. ಮಾರ್ಚ್‌ನಿಂದ ಮೇ ತನಕ ಏನನ್ನೂ ತರಿಸಬೇಡಿ, ಡಬ್ಬದೊಳಗೇ ಬೆಂದು ಹೋಗುತ್ತೆ. ಮಳೆ ಹಿಡಿದ ಮೇಲೆ ಆರ್ಡರ್ ಹಾಕಿ. ಡಬ್ಬ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ದೂರು ಕೊಡೋದಾದರೆ ತಡ ಮಾಡಬೇಡಿ. ವಿವರಣೆಗೆ ಹೊಂದದ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ಮೊದಲು ನೀವು ಕೊಂಡ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ಸ್ವೀಕೃತಿ, ತಿಂಗಳೊಳಗೆ ಪರಿಹಾರ ಕೊಡಬೇಕು. ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಮಾರಿದವರು ಎಲ್ಲೇ ಇರಲಿ, ವಿಜಯಪುರದಲ್ಲೇ ದೂರು ಹಾಕಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ಅವಧಿ ಎರಡೇ ವರ್ಷ, ನೀವು ಆಗಲೇ ಒಂದೂವರೆ ಕಳೆದಿದ್ದೀರಿ. 'ಬೆಳೆದ ಮೇಲೆ ಬರುತ್ತೆ' ಅನ್ನುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತೆ. ಗಿಡ ಯಾವುದು ಅಂತ ಬರಹದಲ್ಲಿ ಬೇಕಾದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಫೋಟೊ ಜೊತೆ ಒಂದು ಗರಿಯನ್ನೂ ಒಯ್ಯಿರಿ.

ಕಿತ್ತು ಹಾಕೋದು ಬೇಡ. ಅರೆಕಾ ಕುಂಡವನ್ನು ನೆರಳಿಗೆ ಸರಿಸಿ, ಬಿಸಿಲಿಗೆ ಅದರ ಎಲೆ ಸುಡುತ್ತೆ. ಫಾಕ್ಸ್‌ಟೇಲ್‌ಗಳಿಗೆ ನಿಮ್ಮ ಬಿಸಿಲು ಒಗ್ಗುತ್ತೆ. ಆದರೆ ಫೋಟೊದಲ್ಲಿ ಒಂದು ಗಿಡ ಕರೆಂಟಿನ ತಂತಿ ಕೆಳಗೇ ಇದ್ದಂತಿದೆ. ಅದು ಮೂವತ್ತು ಅಡಿ ಹೋಗುವ ಮರ, ತುದಿ ಕತ್ತರಿಸಿದರೆ ಸತ್ತೇ ಹೋಗುತ್ತೆ. ಬರುವ ಮಳೆಗಾಲದಲ್ಲಿ ಬುಡದ ಮಣ್ಣಿನ ಹೆಂಟೆ ಒಡೆಯದ ಹಾಗೆ ಅಗೆದು, ಆಚೆ ಬದಿಗೆ ನೆಟ್ಟುಬಿಡಿ.