ಹರ್ಲಿಂಗ್ ಹೊಡೆತ: ಮೇಲಿನ ಕೈ ಯಾವುದು, ಚೆಂಡು ಎಷ್ಟೆತ್ತರ?

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಹರ್ಲಿಂಗ್ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇದು ಐರ್ಲೆಂಡಿನ ಆಟ. ಒಂದು ತಂಡಕ್ಕೆ 15 ಜನ. ತುದಿ ಅಗಲವಾದ ಮರದ ಕೋಲಿನಿಂದ ಚೆಂಡನ್ನು ನೆಲದ ಮೇಲೂ ಗಾಳಿಯಲ್ಲೂ ಹೊಡೆಯಬಹುದು. ಚೆಂಡು ಬಲೆಯೊಳಗೆ ಹೋದರೆ 3 ಅಂಕ, ಅಡ್ಡಪಟ್ಟಿಯ ಮೇಲಿಂದ ಎರಡು ಕಂಬಗಳ ನಡುವೆ ಹಾರಿದರೆ 1 ಅಂಕ. ಕೋಲಿನ ಹೆಸರು ಹರ್ಲಿ, ಅದರ ಅಗಲವಾದ ತುದಿ ಬಾಸ್, ಚೆಂಡು ಸ್ಲಿಟರ್. ಐರಿಶ್ ಭಾಷೆಯಲ್ಲಿ ಕೋಲಿಗೆ ‘ಕಮಾನ್’ ಅನ್ನುತ್ತಾರೆ, ಬಾಗಿದ್ದು ಎಂಬ ಅರ್ಥದ ಪದದಿಂದ ಬಂದದ್ದು. ನಮ್ಮ ಕಮಾನಿಗೂ ಅದಕ್ಕೂ ನಂಟಿಲ್ಲ, ಆದರೆ ನೆನಪಿಟ್ಟುಕೊಳ್ಳಲು ಸುಲಭ.

ಪ್ರಶ್ನೆ: ಓದಲಿಕ್ಕೆ ಡಬ್ಲಿನ್‌ಗೆ ಹೊರಟಿದ್ದೇನೆ. ಅಲ್ಲಿ ಹರ್ಲಿಂಗ್ ಆಡುವ ಆಸೆ. ಚಿಕ್ಕಂದಿನಿಂದ ಕ್ರಿಕೆಟ್ ಆಡಿದವನು, ಬಲಗೈ ಬ್ಯಾಟಿಂಗ್. ಹರ್ಲಿ ಆಕಾರದ ಹಲಗೆ, ಟೆನಿಸ್ ಚೆಂಡು ಇಟ್ಟುಕೊಂಡು ಪ್ರಯತ್ನಿಸುತ್ತಿದ್ದೇನೆ. ಒಮ್ಮೆ ಚೆಂಡು ನೆಲಕ್ಕೇ ಹೋಗುತ್ತದೆ, ಒಮ್ಮೆ ತಲೆ ಮೇಲೆ ಏಳುತ್ತದೆ. ಎಲ್ಲಿ ತಪ್ಪುತ್ತಿದೆ? (ಸಿರುಗುಪ್ಪ)

ಉತ್ತರ: ಮೊದಲು ಕೈ ನೋಡಿಕೊಳ್ಳಿ. ಬಲಗೈಯವರಿಗೆ ಹಿಡಿಯ ತುದಿಯಲ್ಲಿ ಬಲಗೈ, ಅದರ ಕೆಳಗೆ ಎಡಗೈ. ಕ್ರಿಕೆಟ್ಟಿನಲ್ಲಿ ನಿಮ್ಮ ಎಡಗೈ ಮೇಲಿರುತ್ತದೆ, ಹಾಕಿಯಲ್ಲೂ ಅಷ್ಟೇ. ಹಾಗಾಗಿ ಇಲ್ಲಿ ಎಲ್ಲವೂ ತಿರುವುಮುರುವು ಅನ್ನಿಸುತ್ತದೆ. ಹಳೇ ಹಿಡಿತದಲ್ಲೇ ಚೆಂಡು ದೂರ ಹೋಗುತ್ತದೆ, ಇದೇ ಇರಲಿ ಎಂದು ಬಿಟ್ಟರೆ ಮುಂದೆ ಕಷ್ಟ. ಹರ್ಲಿಂಗ್‌ನಲ್ಲಿ ಚೆಂಡು ಹಿಡಿಯಲು, ಚಿಮ್ಮಲು, ಓಡಲು ಪದೇ ಪದೇ ಒಂದು ಕೈ ಬಿಡಬೇಕಾಗುತ್ತದೆ. ಬಿಡುವುದು ಕೆಳಗಿನ ಕೈ. ಆಗ ಇಡೀ ಕೋಲಿನ ಭಾರ ಹೊರುವುದು ಮೇಲಿನ ಕೈಯೊಂದೇ. ಅದು ನಿಮ್ಮ ಬಲವಾದ ಕೈ ಆಗಿರದಿದ್ದರೆ ಎದುರಾಳಿಯ ಕೋಲು ಸ್ವಲ್ಪ ತಾಗಿದರೂ ಹರ್ಲಿ ತಿರುಗಿಬಿಡುತ್ತದೆ. ಹಿಡಿತ ಬೆರಳುಗಳಲ್ಲಿರಲಿ. ಅಂಗೈ ತುಂಬ ಅದುಮಿ ಹಿಡಿದರೆ ಮಣಿಕಟ್ಟು ಆಡುವುದಿಲ್ಲ, ವೇಗ ಬರುವುದು ಮಣಿಕಟ್ಟಿನಿಂದಲೇ.

ಇನ್ನು ಹೊಡೆತ. ಗುರಿಗೆ ಪಕ್ಕವಾಗಿ ನಿಲ್ಲಿ. ಬಲಗಡೆ ಹೊಡೆಯುವಾಗ ಎಡ ಭುಜ ಗುರಿಯ ಕಡೆ, ಕಾಲುಗಳ ನಡುವೆ ಭುಜದಷ್ಟು ಅಂತರ. ಚೆಂಡು ಎಡಗೈ ಬೆರಳುಗಳ ಮೇಲಿರಲಿ. ಬಲಗೈ ಕೋಲನ್ನು ಹಿಂದಕ್ಕೆ ಎತ್ತುತ್ತಿರುವಾಗಲೇ ಎಡಗೈ ಚೆಂಡನ್ನು ಭುಜದ ಮಟ್ಟಕ್ಕೆ ಬಿಡುತ್ತದೆ. ಚೆಂಡು ಬಿಟ್ಟ ಕೈ ಅಲ್ಲೇ ನಿಲ್ಲದೆ ಸೀದಾ ಬಂದು ಬಲಗೈಗೆ ಅಂಟಿಕೊಂಡು ಹಿಡಿ ಹಿಡಿಯಬೇಕು, ಎರಡು ಕೈ ನಡುವೆ ಸಂದು ಉಳಿಯಬಾರದು. ಎಡಗಾಲು ಗುರಿಯತ್ತ ಒಂದು ಸಣ್ಣ ಹೆಜ್ಜೆ ಇಡುತ್ತದೆ, ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ಬರುತ್ತದೆ. ಚೆಂಡು ಇಳಿದು ಸೊಂಟಕ್ಕೂ ಮೊಣಕಾಲಿಗೂ ನಡುವೆ ಬಂದಾಗ ಬಾಸ್‌ನ ನಟ್ಟನಡುವೆ ತಾಗಬೇಕು. ತಾಗಿದ ಮೇಲೂ ಕೋಲು ನಿಲ್ಲಬಾರದು, ಗುರಿಯತ್ತ ಹೋಗಿ ಎದುರು ಭುಜದ ಮೇಲೆ ಮುಗಿಯಲಿ.

ನೀವು ಹೇಳಿದ ಎರಡೂ ತಪ್ಪು ಬೀಸಿನಲ್ಲಿಲ್ಲ, ಚೆಂಡು ಬಿಡುವುದರಲ್ಲಿವೆ. ತಲೆಗಿಂತ ಎತ್ತರ ಎಸೆದರೆ ಚೆಂಡು ವೇಗವಾಗಿ ಇಳಿಯುತ್ತದೆ, ಲೆಕ್ಕ ತಪ್ಪುತ್ತದೆ. ತಡವಾಗಿ ಸಿಕ್ಕಾಗ ಬಾಸ್ ಅದರ ಮೇಲ್ಭಾಗಕ್ಕೆ ತಾಗಿ ಚೆಂಡು ನೆಲಕ್ಕೆ ಹೋಗುತ್ತದೆ. ಇನ್ನೂ ಮೇಲಿರುವಾಗ ಆತುರಪಟ್ಟರೆ ಅಡಿಗೆ ತಾಗಿ ಆಕಾಶಕ್ಕೆ ಏಳುತ್ತದೆ. ಮೈಗೆ ಹತ್ತಿರ ಬಿಟ್ಟರೆ ಮೊಣಕೈ ಪಕ್ಕೆಗೆ ಸಿಕ್ಕಿಕೊಂಡು ಚೆಂಡು ಕೋಲಿನ ಕುತ್ತಿಗೆಗೆ ಬಡಿಯುತ್ತದೆ. ದೂರ ಬಿಟ್ಟರೆ ಮೈ ಮುಂದಕ್ಕೆ ಬಾಗಿ ಬಾಸ್‌ನ ತುದಿ ಮಾತ್ರ ತಾಗುತ್ತದೆ.

ಇದನ್ನು ಸರಿಮಾಡಲು ಹೀಗೆ ಮಾಡಿ. ಎರಡೂ ಕೈಯಲ್ಲಿ ಕೋಲು ಹಿಡಿದು ನಿಧಾನವಾಗಿ ಹೊಡೆಯುವ ಜಾಗಕ್ಕೆ ತಂದು ನಿಲ್ಲಿಸಿ. ಬಾಸ್‌ನ ನೇರ ಕೆಳಗೆ ನೆಲದ ಮೇಲೆ ಊಟದ ತಟ್ಟೆಯಷ್ಟು ಗುಂಡನೆಯ ಗೆರೆ ಎಳೆಯಿರಿ. ಈಗ ಕೋಲು ಬೀಸದೆ, ಹೆಜ್ಜೆ ಮಾತ್ರ ಇಟ್ಟು ಚೆಂಡು ಬಿಡಿ, ನೆಲಕ್ಕೆ ಬೀಳಲಿ. ಹತ್ತರಲ್ಲಿ ಎಂಟು ಸಲ ಗೆರೆಯೊಳಗೆ ಬಿದ್ದ ಮೇಲೆ ಹೊಡೆಯಲು ಶುರು ಮಾಡಿ. ಬೇಸರದ ಕೆಲಸವೇ, ಆದರೆ ನೂರು ಸಲ ಕುರುಡಾಗಿ ಬೀಸುವುದಕ್ಕಿಂತ ಇದರಿಂದ ಬೇಗ ಕೈ ಕೂಡುತ್ತದೆ. ಆಮೇಲೆ ಗೋಡೆಯಿಂದ 5 ಮೀಟರ್ ದೂರ ನಿಂತು ಬಲಕ್ಕೆ 20, ಎಡಕ್ಕೆ 20 ಹೊಡೆತ, ಅರ್ಧ ಬಲದಲ್ಲಿ. ಎಡಕ್ಕೆ ಹೊಡೆಯುವಾಗ ಬಲ ಭುಜ ಗುರಿಯ ಕಡೆಗಿರುತ್ತದೆ, ಕೈ ಬದಲಿಸುವಂತಿಲ್ಲ. ಅದು ಎಡಗೈ ಬ್ಯಾಟರ್‌ನ ಬೀಸಿನ ಹಾಗೆಯೇ ಇರುವುದರಿಂದ ಎಡಗಡೆಯೇ ಮೊದಲು ಕೂಡಿಬಂದರೆ ಆಶ್ಚರ್ಯಪಡಬೇಡಿ. ಬಲಗಡೆ ಹೊಡೆಯುವಾಗ ತೋಳುಗಳು ಒಂದನ್ನೊಂದು ದಾಟಿದಂತೆ ಅನ್ನಿಸುವುದೂ ಸಹಜ. ಆಷಾಢದ ಗಾಳಿಯಲ್ಲಿ ಟೆನಿಸ್ ಚೆಂಡು ಕೈಬಿಟ್ಟ ತಕ್ಷಣ ಸರಿದುಹೋಗುತ್ತದೆ, ಆ ದಿನಗಳಲ್ಲಿ ಗೋಡೆಯ ಮರೆ ಹುಡುಕಿಕೊಳ್ಳಿ.

ಪ್ರಶ್ನೆ: ನೆಲದ ಮೇಲಿನ ಚೆಂಡನ್ನು ಕೋಲಿನಿಂದ ಎತ್ತಿ ಕೈಗೆ ತೆಗೆದುಕೊಳ್ಳುವುದು ಎಷ್ಟು ಮಾಡಿದರೂ ಬರುತ್ತಿಲ್ಲ. ಚಿಣ್ಣಿದಾಂಡು ಆಡಿದ ಕೈ, ಚಿಣ್ಣಿ ಏಳುತ್ತದೆ, ಚೆಂಡು ಏಳುವುದಿಲ್ಲ. (ಸಿಂಧನೂರು)

ಉತ್ತರ: ನಿಮಗೆ ಅಡ್ಡ ಬರುತ್ತಿರುವುದು ಆ ಚಿಣ್ಣಿದಾಂಡಿನ ಕೈಯೇ. ಚಿಣ್ಣಿಯ ತುದಿ ಚೂಪು, ಮೇಲಿಂದ ತಟ್ಟಿದರೆ ಪುಟಿಯುತ್ತದೆ. ಗುಂಡಗಿನ ಚೆಂಡನ್ನು ಮೇಲಿಂದ ತಟ್ಟಿದರೆ ಅದು ಮುಂದಕ್ಕೆ ಉರುಳುತ್ತದೆ ಅಷ್ಟೇ. ಇಲ್ಲಿ ಕೋಲು ಚೆಂಡಿನ ಅಡಿಗೆ ಜಾರಬೇಕು.

ಎಡಗಾಲನ್ನು ಚೆಂಡಿನ ಪಕ್ಕಕ್ಕೆ ತನ್ನಿ. ಸೊಂಟ, ಮೊಣಕಾಲು ಎರಡೂ ಬಾಗಲಿ, ತಲೆ ಚೆಂಡಿನ ಮೇಲೆ ಬರಲಿ. ಕೋಲು ನೆಲಕ್ಕೆ ಹೆಚ್ಚುಕಮ್ಮಿ ಸಮಾನಾಂತರವಾಗಿರಬೇಕು, ಹೆಬ್ಬೆರಳುಗಳು ಬಾಸ್ ಕಡೆ ತೋರಿಸುತ್ತಿರಬೇಕು. ಹಾಗೇ ಚುರುಕಾಗಿ ಬಾಸನ್ನು ಚೆಂಡಿನಡಿಗೆ ತಳ್ಳಿದರೆ ಅದು ಒಂದು ಗೇಣೋ ಎರಡು ಗೇಣೋ ಏಳುತ್ತದೆ. ಅಷ್ಟರಲ್ಲಿ ಎಡಗೈ ಕೋಲು ಬಿಟ್ಟು ಬೊಗಸೆಯಂತೆ ಕೆಳಗೆ ಬಂದಿರಬೇಕು. ಹೆಚ್ಚಿನವರಿಗೆ ತಪ್ಪುವುದು ಬಗ್ಗುವುದರಲ್ಲಿ. ನಿಂತೇ ಪ್ರಯತ್ನಿಸಿದರೆ ಕೋಲು ಓರೆಯಾಗಿ ಇಳಿದು ನೆಲ ಅಗೆಯುತ್ತದೆ.

ಒಂದು ಎಚ್ಚರಿಕೆ: ಹಿಡಿಯ ತುದಿ ಹೊಟ್ಟೆಯ ಮುಂದೆ ಇರಬಾರದು, ಸೊಂಟದ ಪಕ್ಕಕ್ಕಿರಲಿ. ಬೇಸಿಗೆಯಲ್ಲಿ ನಿಮ್ಮ ಕಡೆಯ ಎರೆ ಭೂಮಿ ಬಿರುಕು ಬಿಟ್ಟಿರುತ್ತದೆ. ಬಾಸ್ ಬಿರುಕಿಗೆ ಸಿಕ್ಕಿ ಗಕ್ಕನೆ ನಿಂತರೆ ಹಿಡಿ ಹೊಟ್ಟೆಗೆ ತಿವಿಯುತ್ತದೆ. ಅಂಥ ನೆಲದಲ್ಲಿ ಇನ್ನೊಂದು ವಿಧಾನ ವಾಸಿ: ಬಾಸನ್ನು ಚೆಂಡಿನ ಮೇಲಿಟ್ಟು ನಿಮ್ಮ ಕಡೆಗೆ ಎಳೆಯಿರಿ, ಚೆಂಡು ಉರುಳುತ್ತಾ ಬರುತ್ತಿರುವಾಗಲೇ ಬಾಸನ್ನು ಅದರ ಅಡಿಗೆ ಹಾಕಿ. ಚೆಂಡು ತಾನೇ ಕೋಲಿನ ಮೇಲೆ ಹತ್ತುತ್ತದೆ.

ನೆಲದಿಂದ ಬರಿಗೈಲಿ ಚೆಂಡು ಎತ್ತುವುದು ನಿಯಮಕ್ಕೆ ವಿರುದ್ಧ, ಹಾಗಾಗಿ ಇದನ್ನು ಬಿಟ್ಟು ಆಟವಿಲ್ಲ. ಕೈಗೆ ಬಂದ ಚೆಂಡನ್ನು ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಬಾಸ್ ಮೇಲೆ ಇಟ್ಟುಕೊಂಡು ಎಷ್ಟು ಬೇಕಾದರೂ ಓಡಬಹುದು.

ಪ್ರಶ್ನೆ: ಶಾಲೆಯಲ್ಲಿ ದೈಹಿಕ ಶಿಕ್ಷಕ. 30 ಮಕ್ಕಳಿಗೆ ಪರಿಚಯಿಸಬೇಕೆಂದಿದ್ದೇನೆ. ಕೋಲನ್ನು ಊರಿನ ಬಡಗಿಯಿಂದ ಮಾಡಿಸಬಹುದೇ? ಚೆಂಡಿಗೆ ಕ್ರಿಕೆಟ್ ಚೆಂಡು ಸಾಕೇ? (ಕುಷ್ಟಗಿ)

ಉತ್ತರ: ಕ್ರಿಕೆಟ್ ಚೆಂಡು ಖಂಡಿತ ಬೇಡ ಸರ್. ಸ್ಲಿಟರ್ ತೂಕ 110ರಿಂದ 120 ಗ್ರಾಂ, ಕ್ರಿಕೆಟ್ ಚೆಂಡು 156 ಗ್ರಾಂ ದಾಟುತ್ತದೆ. ಗಾತ್ರ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಮೋಸ ಹೋಗುತ್ತೇವೆ. ಆ ತೂಕಕ್ಕೆ ತೆಳುವಾದ ಬಾಸ್ ಸೀಳುತ್ತದೆ, ಮಕ್ಕಳ ಮಣಿಕಟ್ಟೂ ನೋಯುತ್ತದೆ. ಟೆನಿಸ್ ಚೆಂಡು 58 ಗ್ರಾಂ ಆಸುಪಾಸು. ಶುರುವಿಗೆ ಅದೇ ಸರಿ.

ಬಡಗಿಯಿಂದ ಮಾಡಿಸಬಹುದು, ಟೆನಿಸ್ ಚೆಂಡಿಗೆ ಮಾತ್ರ. ಕಾರಣ ಮರದ ಎಳೆ. ಐರ್ಲೆಂಡಿನಲ್ಲಿ ಆ್ಯಶ್ ಮರದ ಬುಡದ ಭಾಗ, ಬೇರಿನತ್ತ ಕಾಂಡ ತಿರುಗುವ ಜಾಗವನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಎಳೆಯೇ ಬಾಗಿರುವುದರಿಂದ ಬಾಸ್‌ನ ತಿರುವಿನಲ್ಲೂ ಎಳೆ ಕಡಿಯದೆ ಹೋಗುತ್ತದೆ. ನಮ್ಮಲ್ಲಿ ನೇರ ಹಲಗೆಯಿಂದ ಆಕಾರ ಕೊಯ್ದರೆ ತಿರುವಿನಲ್ಲಿ ಎಳೆ ತುಂಡಾಗಿರುತ್ತದೆ, ಜೋರು ಪೆಟ್ಟಿಗೆ ಅಲ್ಲೇ ಒಡೆಯುತ್ತದೆ. ಉದ್ದಕ್ಕೆ ಅಳತೆ ಹೀಗೆ: ಮಗು ನೇರ ನಿಂತು ಕೋಲನ್ನು ಪಕ್ಕದಲ್ಲಿ ನೆಲಕ್ಕೂರಿದರೆ ಹಿಡಿಯ ತುದಿ ಸೊಂಟದ ಮೂಳೆಗೆ ಬರಬೇಕು. ‘ಬೆಳೆಯುವ ಮಗು’ ಎಂದು ಉದ್ದದ್ದು ಕೊಡಬೇಡಿ, ಆಗ ಮಕ್ಕಳು ನಡು ಹಿಡಿದು ಆಡುತ್ತಾರೆ, ಆ ಅಭ್ಯಾಸ ಬಿಡಿಸುವುದು ಕಷ್ಟ. ಬಾಸ್‌ನ ಅಗಲ 13 ಸೆಂ.ಮೀ. ಮೀರಬಾರದು. ಅಂಚುಗಳನ್ನು ಉಜ್ಜುಕಾಗದದಿಂದ ಗುಂಡಗೆ ಮಾಡಿಸಿ.

ಮಕ್ಕಳನ್ನು ಒಂದೇ ಸಾಲಿನಲ್ಲಿ, ಒಂದೇ ದಿಕ್ಕಿಗೆ, ನಡುವೆ 3 ಮೀಟರ್ ಬಿಟ್ಟು ನಿಲ್ಲಿಸಿ. ಎಲ್ಲರೂ ಹೊಡೆದು ಮುಗಿಸುವ ತನಕ ಯಾರೂ ಚೆಂಡು ತರಲು ಹೋಗಬಾರದು. ನೆಲದ ಹೊಡೆತ ಮೊದಲು ಕಲಿಸಿ: ಮುಂಗಾಲು ಚೆಂಡಿನ ನೇರಕ್ಕೆ, ಮೊಣಕಾಲು ಬಾಗಿ, ಕಣ್ಣು ಚೆಂಡಿನ ಮೇಲೆ. ಹೊಡೆಯುವ ಮೊದಲೇ ತಲೆ ಎತ್ತಿದರೆ ಬಾಸ್ ಚೆಂಡಿನ ನೆತ್ತಿ ಸವರಿ ಹೋಗುತ್ತದೆ. ಕಾಲು ಚೆಂಡಿಗಿಂತ ಹಿಂದೆ ಉಳಿದರೆ ಕೋಲು ಮೊದಲು ನೆಲಕ್ಕೆ ಬಡಿಯುತ್ತದೆ.

ಇಬ್ಬರು ಒಂದೇ ಚೆಂಡಿಗೆ ಬೀಸುವ ಪಾಠಕ್ಕೆ ಬಂದಾಗ ಮಕ್ಕಳು ಹೆದರಿ ಒಂದು ಮಾರು ದೂರ ನಿಲ್ಲುತ್ತಾರೆ. ಅದೇ ಅತಿ ಅಪಾಯದ ಜಾಗ. ಕೋಲಿನ ವೇಗವೆಲ್ಲ ಅದರ ತುದಿಯಲ್ಲಿರುತ್ತದೆ, ದೂರ ನಿಂತವರಿಗೆ ತಾಗುವುದು ಆ ತುದಿ. ಭುಜಕ್ಕೆ ಭುಜ ಕೊಟ್ಟು ಒಳಗೆ ಬಂದರೆ ಎದುರಾಳಿಗೆ ಬೀಸಲು ಜಾಗವೇ ಇರುವುದಿಲ್ಲ. ಈ ಪಾಠ ಮಾತ್ರ ಹೆಲ್ಮೆಟ್ ಇಲ್ಲದೆ ಮಾಡಿಸಲೇಬೇಡಿ.

ಪ್ರಶ್ನೆ: ಮಗಳು ಐರ್ಲೆಂಡಿನ ಕಾರ್ಕ್‌ನಲ್ಲಿ ನರ್ಸ್. ಜೊತೆಯವರು ಆಡಲು ಕರೆಯುತ್ತಿದ್ದಾರಂತೆ. ಹೆಣ್ಣುಮಕ್ಕಳು ಆಡುತ್ತಾರೆಯೇ? ಮುಖಕ್ಕೆ ಪೆಟ್ಟಾದರೆ ಎಂಬ ಚಿಂತೆ. (ಬಳ್ಳಾರಿ)

ಉತ್ತರ: ಧಾರಾಳವಾಗಿ ಆಡುತ್ತಾರಮ್ಮ. ಹೆಣ್ಣುಮಕ್ಕಳ ಆಟಕ್ಕೆ ಕಮೋಗಿ ಎಂದು ಹೆಸರು, ಅದರ ಸಂಘಟನೆ 1904ರಿಂದ ಇದೆ. ಚೆಂಡು ಸ್ವಲ್ಪ ಚಿಕ್ಕದು, ಹಗುರ. ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ ಹಾಕದೆ ಅಂಗಳಕ್ಕಿಳಿಯಲು ಬಿಡುವುದಿಲ್ಲ. ಗಂಡಸರ ಆಟದಲ್ಲೂ 2010ರಿಂದ ಎಲ್ಲ ವಯಸ್ಸಿನವರಿಗೆ ಕಡ್ಡಾಯ. ಹೆಲ್ಮೆಟ್ ಈ ಆಟಕ್ಕೆಂದೇ ತಯಾರಾದದ್ದಾಗಿರಲಿ. ಕ್ರಿಕೆಟ್ ಹೆಲ್ಮೆಟ್ ಚೆಂಡನ್ನು ತಡೆಯಲು ಮಾಡಿದ್ದು, ಕೋಲಿನ ಪೆಟ್ಟಿಗಲ್ಲ. ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿರಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜಾರಬಾರದು. ಮೊದಲ ವಾರಗಳಲ್ಲಿ ಹೆಚ್ಚು ನೋಯುವುದು ಬೆರಳುಗಳು, ಒಂದು ಜೊತೆ ಕೈಗವಸು ಕೊಳ್ಳಲು ಹೇಳಿ.

ಪ್ರಶ್ನೆ: ಅಣ್ಣ ಐರ್ಲೆಂಡಿನಿಂದ ತಂದುಕೊಟ್ಟ ಹರ್ಲಿಯಲ್ಲಿ ಬಾಸ್ ಅಂಚಿಗೆ ಕೂದಲಿನಂಥ ಸೀಳು ಕಾಣುತ್ತಿದೆ. ಇನ್ನೂ ಸರಿಯಾಗಿ ಆಡಿಯೇ ಇಲ್ಲ. (ರಾಯಚೂರು)

ಉತ್ತರ: ಒಣಗಿದ್ದರಿಂದ ಆಗಿರುವುದು. ತೇವದ ಊರಿನ ಮರ ನಿಮ್ಮ ಊರಿನ 40 ಡಿಗ್ರಿ ದಾಟುವ ಬಿಸಿಲಿಗೆ ಬಂದಿದೆ. ತಾರಸಿ, ತಗಡಿನ ಶೆಡ್ಡು, ನಿಲ್ಲಿಸಿದ ಕಾರು ಮೂರರಿಂದಲೂ ದೂರವಿಡಿ, ಮನೆಯೊಳಗೆ ತಂಪಾದ ಗೋಡೆಗೆ ಒರಗಿಸಿಡಿ. ಐರ್ಲೆಂಡಿನಲ್ಲಿ ಹರ್ಲಿಗೆ ಹಚ್ಚುವುದು ಅಗಸೆ ಎಣ್ಣೆ, ಅದು ನಿಮ್ಮಲ್ಲೇ ಸಿಗುತ್ತದೆ. ಬಟ್ಟೆಗೆ ಒಂದು ಚಮಚ ಹಾಕಿಕೊಂಡು ಬಾಸ್‌ಗೆ, ಅದರ ಅಂಚಿಗೆ ತೆಳುವಾಗಿ ಉಜ್ಜಿ, ಒಂದು ದಿನ ಬಿಟ್ಟು ಇನ್ನೊಮ್ಮೆ ಉಜ್ಜಿ. ಹಿಡಿಯ ಟೇಪಿಗೆ ತಾಗಬಾರದು, ಜಾರುತ್ತದೆ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ ಹರವಿ ಒಣಗಿಸಿ. ಬಾಸ್‌ನ ತಗಡಿನ ಪಟ್ಟಿ ಸಡಿಲವಾಗಿದ್ದರೆ, ಮೊಳೆ ಎದ್ದಿದ್ದರೆ ಅದನ್ನು ಬಡಿದು ಕೂರಿಸುವ ತನಕ ಯಾರ ಜೊತೆಗೂ ಆಡಬೇಡಿ. ಸೀಳು ಪಟ್ಟಿ ದಾಟಿ ಕೋಲಿನ ಕುತ್ತಿಗೆಯತ್ತ ಬಂದಿದ್ದರೆ ಆ ಹರ್ಲಿಯನ್ನು ಗೋಡೆಗೆ ಟೆನಿಸ್ ಚೆಂಡು ಹೊಡೆಯಲಷ್ಟೇ ಇಟ್ಟುಕೊಳ್ಳಿ.