ಹೆರಿಗೆ ಕೋಣೆಯಲ್ಲಿ ನನ್ನ ಜೊತೆ ಯಾರಿರುತ್ತಾರೆ?

ಗರ್ಭಿಣಿಯರ ಪ್ರಶ್ನೆಗಳಿಗೆ ಮೀಸಲಾದ ಈ ಪುಟಕ್ಕೆ ಈ ಸಲ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ನೋವಿನ ಭಯಕ್ಕಿಂತಲೂ ಆ ಹೊತ್ತಿನಲ್ಲಿ ಒಂಟಿಯಾಗಿಬಿಡುತ್ತೇನೆ, ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂಬ ಭಯವೇ ಹೆಚ್ಚಿನವರನ್ನು ಕಾಡುತ್ತಿದೆ ಎನ್ನಿಸಿತು. ಆದ್ದರಿಂದ ಅಂಥ ಪತ್ರಗಳನ್ನೇ ಆಯ್ದುಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಸಿಸ್ಟರ್, ನನಗೀಗ ಎಂಟು ತಿಂಗಳು, ಚೊಚ್ಚಲ ಹೆರಿಗೆ. ನಮ್ಮ ಓಣಿಯವರೊಬ್ಬರು ಹೆರಿಗೆ ಕೋಣೆಯಲ್ಲಿ ತಮ್ಮನ್ನು ಒಬ್ಬರನ್ನೇ ಮಲಗಿಸಿದ್ದರು, ಕೂಗಿದರೆ ಗದರುತ್ತಿದ್ದರು ಎಂದು ಹೇಳಿದ ದಿನದಿಂದ ನನಗೆ ನಿದ್ದೆಯಿಲ್ಲ. ಅಮ್ಮ ಹೊರಗೆ ಕೂತಿರುತ್ತಾರೆ, ನಾನು ಒಳಗಿರುತ್ತೇನೆ ಎಂದು ನೆನೆದರೆ ಎದೆ ಹೊಡೆದುಕೊಳ್ಳುತ್ತದೆ. ಅಮ್ಮನನ್ನು ಒಳಗೆ ಬಿಡಿ ಎಂದು ಕೇಳಬಹುದೇ? — ದಾವಣಗೆರೆ ಜಿಲ್ಲೆಯ ಓದುಗರು

ಖಂಡಿತವಾಗಿ ಕೇಳಬಹುದು, ಕೇಳಲೇಬೇಕು. ಹೆರಿಗೆಯ ಸಮಯದಲ್ಲಿ ಗರ್ಭಿಣಿಯ ಜೊತೆ ಮನೆಯ ಹೆಣ್ಣುಮಗಳೊಬ್ಬರು, ಅದರಲ್ಲೂ ಸ್ವತಃ ಹೆತ್ತ ಅನುಭವವಿರುವವರು, ಇರಲು ಅವಕಾಶ ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. ಪರದೆ, ಮರೆ ಇರುವ ಹೆರಿಗೆ ಕೋಣೆಯಾದರೆ ಗಂಡನೂ ಇರಬಹುದು. ಮರುವರ್ಷ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಜೊತೆಗಾರರಿಗೆ ಸ್ಥಾನವಿದೆ. ಆದರೆ ಒಂದೇ ಕೋಣೆಯಲ್ಲಿ ಹಲವು ಮಂಚಗಳಿರುವ ಕಡೆ ಸಿಬ್ಬಂದಿ ಹಿಂಜರಿಯುತ್ತಾರೆ. ನೋವು ಬಂದ ರಾತ್ರಿ ಬಾಗಿಲಲ್ಲಿ ನಿಂತು ವಾದಿಸುವ ಸ್ಥಿತಿ ನಿಮಗೂ ನಿಮ್ಮ ತಾಯಿಯವರಿಗೂ ಬರಬಾರದು. ಮುಂದಿನ ತಪಾಸಣೆಗೆ ಹೋದಾಗಲೇ ತಾಯಿಯವರನ್ನು ಕರೆದುಕೊಂಡು ಹೋಗಿ, ಹೆರಿಗೆ ವಿಭಾಗದ ಹಿರಿಯ ಸಿಸ್ಟರನ್ನು ಕಂಡು, ಇವರು ನನ್ನ ಜೊತೆಗಿರುತ್ತಾರೆ ಎಂದು ಹೇಳಿ, ಸಾಧ್ಯವಾದರೆ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಜೊತೆಗೆ ಬರುವವರಿಗೆ ಕೆಮ್ಮು, ಜ್ವರ ಇರಬಾರದು. ಒಗೆದ ಬಟ್ಟೆ ಧರಿಸಿರಬೇಕು. ಕೊನೆಯವರೆಗೂ ಇರುವಷ್ಟು ಧೈರ್ಯವಿರಬೇಕು.

ಹೆರಿಗೆಯ ಉದ್ದಕ್ಕೂ ಒಬ್ಬರು ಬಿಡದೆ ಪಕ್ಕದಲ್ಲಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ನೋವಿನ ಅವಧಿ ಸ್ವಲ್ಪ ಕಡಿಮೆಯಾಗುತ್ತದೆ, ಸಿಸೇರಿಯನ್ ಕೂಡ ಕಡಿಮೆಯಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಅವರು ದೊಡ್ಡ ಕೆಲಸವನ್ನೇನೂ ಮಾಡಬೇಕಾಗಿಲ್ಲ. ಸೊಂಟ ನೀವುವುದು, ಗುಟುಕು ನೀರು ಕುಡಿಸುವುದು, ಕೈ ಹಿಡಿದು ನಡೆದಾಡಿಸುವುದು, ಉಸಿರನ್ನು ನಿಧಾನವಾಗಿ ಬಿಡು ಎಂದು ನೆನಪಿಸುವುದು ಸಾಕು. ‘ಇನ್ನೂ ಎಷ್ಟು ಹೊತ್ತು’ ಎಂದು ಅವರೇ ಗಾಬರಿಯಾಗದಿದ್ದರೆ ಅರ್ಧ ಸಹಾಯ ಮಾಡಿದಂತೆಯೇ.

ಹೊತ್ತಿನ ವಿಚಾರವನ್ನೂ ಮೊದಲೇ ತಿಳಿದುಕೊಳ್ಳಿ, ಏಕೆಂದರೆ ಚೊಚ್ಚಲ ಹೆರಿಗೆಯಲ್ಲಿ ಹೆಚ್ಚಿನ ಭಯ ಹುಟ್ಟುವುದು ತಡವಾಗುತ್ತಿದೆ ಎಂಬ ಅನಿಸಿಕೆಯಿಂದ. ಗರ್ಭಕೋಶದ ಬಾಯಿ ಒಟ್ಟು ಹತ್ತು ಸೆಂಟಿಮೀಟರಿನಷ್ಟು ತೆರೆದುಕೊಳ್ಳಬೇಕು. ಗಂಟೆಗೊಂದು ಸೆಂಟಿಮೀಟರು ತೆರೆಯಲೇಬೇಕೆಂಬ ಹಳೆಯ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸ್ಪಷ್ಟಪಡಿಸಿದೆ. ಐದು ಸೆಂಟಿಮೀಟರಿನ ತನಕ ಬಹಳ ನಿಧಾನವಾಗಿ ಸಾಗುವುದು ಸಹಜ. ಅಲ್ಲಿಂದ ಮುಂದೆ ಚೊಚ್ಚಲ ಹೆರಿಗೆಗೆ ಸಾಮಾನ್ಯವಾಗಿ ಹನ್ನೆರಡು ಗಂಟೆ ಮೀರುವುದಿಲ್ಲ. ಆ ಅವಧಿಯಲ್ಲಿ ಅಂಗಾತ ಮಲಗಿಯೇ ಇರಬೇಕಾಗಿಲ್ಲ. ಮಗುವಿನ ಎದೆಬಡಿತ ಸರಿಯಾಗಿದ್ದು, ಬೇರೆ ತೊಂದರೆಯಿಲ್ಲದಿದ್ದರೆ ಓಡಾಡಬಹುದು, ಎಡಮಗ್ಗುಲಿಗೆ ಮಲಗಬಹುದು, ಮಂಚ ಹಿಡಿದು ಬಾಗಿ ನಿಲ್ಲಬಹುದು. ನೋವು ಐದೈದು ನಿಮಿಷಕ್ಕೆ ಬಂದು, ಪ್ರತಿ ಸಲವೂ ಸುಮಾರು ಒಂದು ನಿಮಿಷ ಇರತೊಡಗಿದಾಗ ಆಸ್ಪತ್ರೆಗೆ ಹೊರಡಿ. ಊರು ದೂರವಿದ್ದರೆ ಇನ್ನೂ ಮುಂಚೆಯೇ 108ಕ್ಕೆ ಕರೆ ಮಾಡಿ. ಗರ್ಭನೀರು ಒಡೆದರೆ, ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ನೋವಿಗಾಗಿ ಕಾಯಬೇಡಿ.

ಗದರುವಿಕೆಯ ಬಗ್ಗೆ ನೀವು ಬರೆದದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಎಷ್ಟೇ ಕೆಲಸದ ಒತ್ತಡವಿದ್ದರೂ ನೋವಿನಲ್ಲಿರುವವಳನ್ನು ಗದರುವುದು ತಪ್ಪು. ಮನೆಯವರೊಬ್ಬರು ಪಕ್ಕದಲ್ಲಿರುವ ಕಡೆ ಸಿಬ್ಬಂದಿಯ ಮಾತೂ ಮೆತ್ತಗಿರುವುದನ್ನು ನನ್ನ ಸೇವೆಯ ಕಾಲದಲ್ಲಿ ಕಂಡಿದ್ದೇನೆ. ಜೊತೆಗಾರರನ್ನು ಕೇಳಿ ಪಡೆಯಿರಿ ಎಂದು ಒತ್ತಿ ಹೇಳಲು ಅದೂ ಒಂದು ಕಾರಣ.

ಪ್ರಶ್ನೆ: ನಮ್ಮ ಅತ್ತೆಯವರು ಮಗು ಹುಟ್ಟಿದ ಕೂಡಲೇ ಜೇನುತುಪ್ಪ ನೆಕ್ಕಿಸಬೇಕು, ಕತ್ತೆ ಹಾಲು ಕುಡಿಸಿದರೆ ದಮ್ಮು ಬರುವುದಿಲ್ಲ ಎನ್ನುತ್ತಾರೆ. ಮೂರು ದಿನ ಹಾಲು ಇಳಿಯುವುದಿಲ್ಲ, ಅಲ್ಲಿಯವರೆಗೆ ಡಬ್ಬಿ ಹಾಲು ತಂದಿಡಿ ಎಂದು ನಮ್ಮ ಯಜಮಾನರಿಗೂ ಹೇಳಿದ್ದಾರೆ. ನನ್ನ ಅಕ್ಕನಿಗೆ ಹಾಲು ಸಾಲಲಿಲ್ಲ. ನನಗೂ ಹಾಗೇ ಆಗುವುದೇ? — ರಾಯಚೂರು ಜಿಲ್ಲೆಯ ಓದುಗರು

ಮೂರು ದಿನ ಹಾಲು ಇಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಮಗುವಿಗೆ ಬೇಕಾದುದು ಮೊದಲ ಗಂಟೆಯಲ್ಲೇ ಎದೆಯಲ್ಲಿ ಸಿದ್ಧವಾಗಿರುತ್ತದೆ ಎಂಬುದನ್ನು ಎಷ್ಟು ಸಲ ಹೇಳಿದರೂ ಮನೆಯವರಿಗೆ ನಂಬಿಕೆ ಬರುವುದಿಲ್ಲ. ಮೊದಲು ಬರುವ, ಹಳದಿ ಬಣ್ಣದ ಗಟ್ಟಿ ಗಿಣ್ಣು ಹಾಲು ಚಮಚೆಯ ಲೆಕ್ಕದಲ್ಲಿ ಮಾತ್ರ ಬರುತ್ತದೆ, ಹಾಗಾಗಿಯೇ ಅದು ಹಾಲಲ್ಲ ಎಂದು ಹಿಂಡಿ ಚೆಲ್ಲುತ್ತಾರೆ. ಆದರೆ ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಐದರಿಂದ ಏಳು ಮಿಲಿಲೀಟರು ಅಷ್ಟೇ. ಸೋಂಕನ್ನು ಎದುರಿಸುವ ಶಕ್ತಿ ಆ ಗಿಣ್ಣು ಹಾಲಿನಲ್ಲಿ ತುಂಬಿರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಹಾಲು ಹೆಚ್ಚಾಗಿ ಇಳಿಯುತ್ತದೆ. ಸಿಸೇರಿಯನ್ ಆದವರಲ್ಲಿ ಸ್ವಲ್ಪ ತಡವಾಗಬಹುದು, ಆದರೂ ಅವರು ಕೂಡ ಮೊದಲ ಗಂಟೆಯಲ್ಲೇ ಮಗುವನ್ನು ಎದೆಗೆ ಹಚ್ಚಬಹುದು. ಹುಟ್ಟಿದ ಮಗುವನ್ನು ಒರೆಸಿ ತಾಯಿಯ ಬರಿಮೈ ಮೇಲೆ ಮಲಗಿಸಿದರೆ ಅದು ತಾನೇ ಎದೆಯನ್ನು ಹುಡುಕುತ್ತದೆ.

ಜೇನುತುಪ್ಪವನ್ನು ಒಂದು ವರ್ಷ ತುಂಬುವ ತನಕ ಕೊಡಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಶಿಶುವಿನ ಕರುಳಿನಲ್ಲಿ ಬೆಳೆದು, ಮೈ ಜೋಲು ಬೀಳಿಸಿ ಉಸಿರಾಟಕ್ಕೇ ತೊಂದರೆ ಮಾಡಬಲ್ಲದು. ಬೀದಿಯಲ್ಲಿ ಕರೆದು ಕೊಡುವ ಕತ್ತೆ ಹಾಲು ಕಾಯಿಸದ ಹಾಲು. ಅದರಿಂದ ದಮ್ಮು ತಡೆಯಬಹುದೆಂಬುದಕ್ಕೆ ಆಧಾರವಿಲ್ಲ, ಸೋಂಕು ತಗುಲುವ ಅಪಾಯವಂತೂ ಇದೆ. ಬಜೆ, ಸಕ್ಕರೆ ನೀರು, ಹರಳೆಣ್ಣೆ ಯಾವುದೂ ಬೇಡ. ಆರು ತಿಂಗಳು ತುಂಬುವ ತನಕ ಬೇಸಿಗೆಯಲ್ಲೂ ನೀರು ಕೂಡ ಬೇಡ. ಇದನ್ನು ಅತ್ತೆಯವರಿಗೆ ಒಪ್ಪಿಸುವುದೇ ಕಷ್ಟ ಎಂದು ನನಗೆ ಗೊತ್ತು. ಅವರು ಕೇಡು ಬಯಸಿ ಹೇಳುತ್ತಿಲ್ಲ, ತಾವು ಕಂಡ ಕ್ರಮವನ್ನು ಹೇಳುತ್ತಿದ್ದಾರೆ. ನೆಕ್ಕಿಸುವ ಶಾಸ್ತ್ರ ಬಿಡಬಾರದೆಂದು ಅವರಿಗೆ ಅನ್ನಿಸಿದರೆ, ಕುದಿಸಿ ಆರಿಸಿದ ಚಮಚೆಯಲ್ಲಿ ನಿಮ್ಮದೇ ಗಿಣ್ಣು ಹಾಲಿನ ಹನಿಯನ್ನು ಅವರ ಕೈಯಿಂದಲೇ ಹಾಕಿಸಿ. ಹೆರಿಗೆಗೆ ಮೊದಲೇ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆದು ಅತ್ತೆಯವರ ಎದುರಿಗೇ ಈ ಮಾತನ್ನು ಆಡಿಸಿ. ಸೊಸೆ ಹೇಳಿದರೆ ಎದುರುತ್ತರವಾಗುವ ಮಾತು ಆಶಾ ಹೇಳಿದರೆ ಆರೋಗ್ಯದ ಮಾತಾಗುತ್ತದೆ.

ಅಕ್ಕನಿಗೆ ಹಾಲು ಸಾಲಲಿಲ್ಲ ಎಂಬ ಕಾರಣಕ್ಕೆ ನಿಮಗೂ ಹಾಗಾಗಬೇಕೆಂದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಸಾಲದೆ ಹೋಗುವುದು ಹಾಲಲ್ಲ, ಮಗುವನ್ನು ಎದೆಗೆ ಹಚ್ಚುವ ಕ್ರಮವನ್ನು ಪಕ್ಕದಲ್ಲಿ ಕೂತು ಕಲಿಸುವವರು. ಮಗು ಬಾಯಿಯನ್ನು ಅಗಲವಾಗಿ ತೆರೆದು ತೊಟ್ಟಿನ ಜೊತೆ ಅದರ ಸುತ್ತಲಿನ ಕಪ್ಪು ಭಾಗವನ್ನೂ ಬಾಯೊಳಗೆ ತೆಗೆದುಕೊಳ್ಳಬೇಕು, ಗಲ್ಲ ಎದೆಗೆ ತಾಗಿರಬೇಕು, ಕೆಳತುಟಿ ಹೊರಗೆ ಮಡಿಸಿರಬೇಕು. ತೊಟ್ಟನ್ನಷ್ಟೇ ಚೀಪಿದರೆ ನಿಮಗೆ ನೋವು, ಮಗುವಿಗೆ ಹಸಿವು. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿದಂತೆ, ಕುಡಿಸಬೇಕು. ಮಗು ಕುಡಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಡಬ್ಬಿ ಹಾಲು ಶುರುವಾದರೆ ಮಗು ಚೀಪುವುದು ಕಡಿಮೆಯಾಗಿ ನಿಜವಾಗಿಯೂ ಹಾಲು ಇಳಿಮುಖವಾಗುತ್ತದೆ. ಐದನೆಯ ದಿನದಿಂದ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಮೊದಲ ವಾರದಲ್ಲಿ ತೂಕ ಸ್ವಲ್ಪ ಇಳಿದು ಎರಡು ವಾರದೊಳಗೆ ಹುಟ್ಟಿದಾಗಿನಷ್ಟೇ ಆಗುವುದು ಸಹಜ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬಂದು ಮಗುವನ್ನು ನೋಡಬೇಕು. ಆಗ ಕುಡಿಸುವುದನ್ನು ಅವರ ಮುಂದೆಯೇ ಮಾಡಿ ತೋರಿಸಿ. ಮಗು ಮಂಕಾಗಿ ಕುಡಿಯಲು ಏಳದಿದ್ದರೆ, ಮೂತ್ರ ಕಡಿಮೆಯಾದರೆ, ಅಂಗೈ ಅಂಗಾಲು ಹಳದಿಯಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ವೈದ್ಯರು ತೂಕ ನೋಡಿ ಡಬ್ಬಿ ಹಾಲು ಬೇಕೆಂದರೆ ಕೊಡಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ಗಂಡನ ಕೆಲಸದ ನಿಮಿತ್ತ ನಾನು ಇಂಗ್ಲೆಂಡಿನಲ್ಲಿದ್ದೇನೆ. ಏಳು ತಿಂಗಳಾದರೂ ಡಾಕ್ಟರನ್ನು ನೋಡಿಲ್ಲ, ಪ್ರತಿ ಸಲವೂ ಮಿಡ್‌ವೈಫ್ ಅವರೇ ನೋಡುತ್ತಾರೆ. ಮೈಸೂರಿನಲ್ಲಿರುವ ಅಮ್ಮ, ಸೂಲಗಿತ್ತಿಯ ಕೈಗೆ ಮಗಳನ್ನು ಬಿಡುವ ಕಾಲ ಮತ್ತೆ ಬಂತೇ ಎಂದು ಫೋನಿನಲ್ಲಿ ಅಳುತ್ತಾರೆ. ಅವರಿಗೇನು ಹೇಳಲಿ?

ಅಲ್ಲಿ ತೊಡಕಿಲ್ಲದ ಬಸಿರನ್ನು ಮೊದಲಿನಿಂದ ಕೊನೆಯವರೆಗೂ ಮಿಡ್‌ವೈಫ್ ನೋಡಿಕೊಳ್ಳುವುದೇ ಕ್ರಮ ಎಂದು ಹೇಳಿ. ಅವರು ವಿಶ್ವವಿದ್ಯಾಲಯದಲ್ಲಿ ಓದಿ, ನೋಂದಣಿ ಪಡೆದು ಬಂದವರು. ರಕ್ತದೊತ್ತಡ, ಸಕ್ಕರೆ, ಮಗುವಿನ ಬೆಳವಣಿಗೆಯಲ್ಲಿ ಏರುಪೇರು ಕಂಡರೆ ಆಗ ವೈದ್ಯರ ಬಳಿಗೆ ಕಳಿಸುತ್ತಾರೆ. ಹೆರಿಗೆಯಾದ ಮೇಲೆ ಅವರೇ ನಿಮ್ಮನ್ನೂ ಮಗುವನ್ನೂ ನೋಡಲು ಮನೆಗೂ ಬರುತ್ತಾರೆ. ಡಾಕ್ಟರು ನೋಡಿಲ್ಲ ಎಂದರೆ ಯಾರೂ ನೋಡಿಲ್ಲ ಎಂದಲ್ಲ. ನಿಮ್ಮನ್ನು ಡಾಕ್ಟರು ನೋಡುವ ಅಗತ್ಯ ಈವರೆಗೆ ಬಿದ್ದಿಲ್ಲ ಎಂದರ್ಥ.

ತಾಯಿಯವರ ಅಳುಕಿಗೂ ಕಾರಣವಿದೆ. ಅವರ ತಲೆಮಾರು ಮನೆಯಲ್ಲಿ ಹೆರಿಗೆಯಾಗಿ ಜೀವ ಹೋದವರನ್ನು ಕಂಡಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರಂಥವರ ತಾಳ್ಮೆ, ಕೈಗುಣ ದೊಡ್ಡದು. ಆದರೆ ರಕ್ತಸ್ರಾವ ನಿಲ್ಲದಿದ್ದಾಗ ಬೇಕಾಗುವ ಔಷಧ, ರಕ್ತ, ಶಸ್ತ್ರಚಿಕಿತ್ಸೆ ಹಳ್ಳಿಯ ಸೂಲಗಿತ್ತಿಯರ ಕೈಗೆ ಎಂದೂ ಸಿಗಲಿಲ್ಲ. ನಿಮ್ಮ ಮಿಡ್‌ವೈಫ್ ಅವರ ಹಿಂದೆ ಅದೆಲ್ಲವೂ ಇದೆ.

ಇಲ್ಲಿನ ಓದುಗರಿಗೂ ಒಂದು ಮಾತು ಹೇಳಬೇಕು. ಕರ್ನಾಟಕದಲ್ಲಿ ಈಗ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದೇ ಸಮೀಕ್ಷೆಯ ಪ್ರಕಾರ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಸಿಸೇರಿಯನ್. ಆಸ್ಪತ್ರೆಯನ್ನು ತಲುಪಿದ್ದೇವೆ, ಆದರೆ ಪಕ್ಕದಲ್ಲಿ ಕೂತು ಕಾಯುವ ನುರಿತ ಕೈಗಳನ್ನು ಕಳೆದುಕೊಂಡಿದ್ದೇವೆ ಎಂಬುದು ನನ್ನ ಬಲವಾದ ಅಭಿಪ್ರಾಯ. ನರ್ಸುಗಳಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು, ಸಹಜ ಹೆರಿಗೆಗಳನ್ನು ಅವರ ಹೊಣೆಗೆ ಒಪ್ಪಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿತು. ಅಂಥವರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರುವಂತಾಗಬೇಕು.

ಪ್ರಶ್ನೆ: ಮೊದಲ ಮಗು ಕಾಲು ಮುಂದಾಗಿದ್ದರಿಂದ ಮೂರು ವರ್ಷದ ಹಿಂದೆ ಸಿಸೇರಿಯನ್ ಆಯಿತು. ಈ ಸಲ ಸಹಜ ಹೆರಿಗೆ ಆಗಬಹುದೇ? — ಬೆಳಗಾವಿ ಜಿಲ್ಲೆಯ ಓದುಗರು

ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಒಂದೇ ಸಿಸೇರಿಯನ್ ಆಗಿ, ಅದರ ಕಾರಣ ಈ ಸಲ ಇಲ್ಲದಿದ್ದರೆ, ಪ್ರಯತ್ನಿಸಿದವರಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸಿನಲ್ಲಿ ಸಹಜ ಹೆರಿಗೆಯಾಗುತ್ತದೆ. ಹಳೆಯ ಹೊಲಿಗೆ ಬಿಡುವ ಅಪಾಯ ಸುಮಾರು ಇನ್ನೂರರಲ್ಲಿ ಒಬ್ಬರಿಗೆ. ಅದು ಚಿಕ್ಕ ಸಂಖ್ಯೆಯಾದರೂ ಆದಾಗ ನಿಮಿಷಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು, ಆದ್ದರಿಂದ ಇಪ್ಪತ್ನಾಲ್ಕು ಗಂಟೆಯೂ ಆಪರೇಷನ್, ಅರಿವಳಿಕೆ ತಜ್ಞರು, ರಕ್ತ ಇರುವ ಆಸ್ಪತ್ರೆಯಲ್ಲೇ ಪ್ರಯತ್ನಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇಡ. ಗರ್ಭಕೋಶವನ್ನು ಯಾವ ಕಡೆ ಕೊಯ್ದಿದ್ದರು ಎಂಬುದು ಮುಖ್ಯ. ಹಿಂದಿನ ಡಿಸ್ಚಾರ್ಜ್ ಚೀಟಿಯನ್ನು ಈಗಲೇ ಹುಡುಕಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮುಂದಿನ ತಿಂಗಳು ತವರಿಗೆ ಹೋಗುತ್ತೇನೆ. ಅಕ್ಕನ ಬಾಣಂತನದಲ್ಲಿ ದಿನಕ್ಕೆ ಎರಡು ಲೋಟ ನೀರು ಮಾತ್ರ ಕೊಡುತ್ತಿದ್ದರು, ಅನ್ನ ಮೆಣಸಿನ ಸಾರು ಬಿಟ್ಟರೆ ಬೇರೆ ಇಲ್ಲ, ಕತ್ತಲ ಕೋಣೆ, ಹೊಗೆ. ಅವಳು ದಿನವಿಡೀ ಅಳುತ್ತಿದ್ದಳು, ಯಾರೂ ಕೇಳಲಿಲ್ಲ. ಅಮ್ಮನಿಗೆ ನೋವಾಗದಂತೆ ನಾನು ಏನು ಮಾಡಲಿ? — ಉತ್ತರ ಕನ್ನಡ ಜಿಲ್ಲೆಯ ಓದುಗರು

ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದ್ದು ಬಹಳವಿದೆ: ವಿಶ್ರಾಂತಿ, ಬಿಸಿನೀರಿನ ಸ್ನಾನ, ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಇವೆಲ್ಲವೂ ಬೇಕು ಎಂದು ತಾಯಿಯವರಿಗೆ ಮೊದಲು ಹೇಳಿ, ಆಮೇಲೆ ನೀರಿನ ಮಾತು ತೆಗೆಯಿರಿ. ಹಾಲುಣಿಸುವವಳಿಗೆ ಬಾಯಾರಿದಾಗಲೆಲ್ಲ ನೀರು ಬೇಕು. ನೀರು ಬಿಗಿಹಿಡಿದರೆ ಮಲಬದ್ಧತೆ, ಉರಿಮೂತ್ರ ಕಾಡುತ್ತವೆ. ಬರೀ ಪಾಲಿಶ್ ಅಕ್ಕಿಯ ಅನ್ನದಲ್ಲೇ ತಿಂಗಳುಗಟ್ಟಲೆ ಪಥ್ಯ ಮಾಡಿದರೆ ತಾಯಿಯ ಹಾಲಿನಲ್ಲಿ ಥಯಮಿನ್ ಎಂಬ ಜೀವಸತ್ವ ಕಡಿಮೆಯಾಗಿ ಎಳೆಗೂಸಿನ ಹೃದಯವೇ ಸೋಲುವುದುಂಟು. ಬೇಳೆ, ಕಾಳು, ಸೊಪ್ಪು, ಮೊಟ್ಟೆ ಅಥವಾ ಮೀನು, ನಿಮ್ಮ ಮನೆಯಲ್ಲಿ ನಡೆಯುವುದು ಯಾವುದಾದರೂ ಊಟದಲ್ಲಿರಲಿ. ಹೊಗೆ ಮಗುವಿನ ಪುಪ್ಪುಸಕ್ಕೆ ಒಳ್ಳೆಯದಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದಂತೂ ಪ್ರಾಣಕ್ಕೇ ಅಪಾಯ.

ಅಕ್ಕನ ಅಳುವನ್ನು ಯಾರೂ ಕೇಳಲಿಲ್ಲ ಎಂಬ ಸಾಲು ನನ್ನನ್ನು ಬಹಳ ಕಲಕಿತು. ಹೆರಿಗೆಯಾದ ಮೂರು, ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಯಲ್ಲಿ ಕಾಣುತ್ತದೆ, ಎರಡು ವಾರದೊಳಗೆ ತಾನೇ ತಿಳಿಯಾಗುತ್ತದೆ. ಅದಕ್ಕೂ ಮೀರಿ ಮುಂದುವರಿದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ ಅದು ಖಿನ್ನತೆ. ದೃಷ್ಟಿ ತೆಗೆಯುವುದರಿಂದ ಹೋಗುವಂಥದ್ದಲ್ಲ, ಚಿಕಿತ್ಸೆಯಿಂದ ಗುಣವಾಗುವಂಥದ್ದು. ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇರಿಸಿಕೊಂಡು ನೋಡುವ ವಿಭಾಗವೇ ಇದೆ. ಸಾಯುವ ಮಾತು ಬಾಯಿಗೆ ಬಂದರೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎನ್ನಿಸಿದರೆ ಒಂದು ಗಂಟೆಯೂ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ತವರಿಗೆ ಹೊರಡುವ ಮೊದಲು ನಿಮ್ಮ ಗಂಡನಿಗೂ ಅಕ್ಕನಿಗೂ ಈ ಲಕ್ಷಣಗಳನ್ನು ಹೇಳಿ, ದಿನಕ್ಕೊಮ್ಮೆ ಫೋನು ಮಾಡಿ ಮಗುವಿನ ಸುದ್ದಿಗಿಂತ ಮೊದಲು ನಿಮ್ಮ ನಿದ್ದೆ, ಊಟ, ಮನಸ್ಸನ್ನು ವಿಚಾರಿಸುವಂತೆ ಒಪ್ಪಿಸಿಕೊಳ್ಳಿ.